ಐದೂವರೆಯ ಸಹಿಗಳು

ಅವನ ವಿಸಿಟಿಂಗ್ ಕಾರ್ಡಿನಲ್ಲಿ ‘ಸಂಪನ್ಮೂಲ ಕ್ರೋಡೀಕರಣ ಅಧಿಕಾರಿ’ ಎಂದು ಅಚ್ಚಾಗಿತ್ತು. ಅದನ್ನು ಪೂರ್ತಿ ಓದುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ಅರ್ಜಿ ಎಂದೇ ಕರೆಯುತ್ತಿದ್ದರು. ಇಂಥ ಅಡ್ಡಹೆಸರು ಬಿದ್ದರೆ ಯಾರಿಗಾದರೂ ಸಿಟ್ಟು ಬರಬೇಕು. ಅವನಿಗೆ ಬರಲಿಲ್ಲ. ಇಪ್ಪತ್ತೇಳು ವರ್ಷಗಳಲ್ಲಿ ಅವನು ನೆಟ್ಟಗೆ ಕಲಿತ ಕೆಲಸ ಅರ್ಜಿ ಬರೆಯುವುದೊಂದೇ ಆಗಿತ್ತು.

ಶುರುವಾಗಿದ್ದು ಐದನೇ ಕ್ಲಾಸಿನಲ್ಲಿ. ಜ್ವರ ಬಂದವರಿಗೂ ಬರದವರಿಗೂ ಅವನೇ ರಜಾ ಅರ್ಜಿ ಬರೆದುಕೊಡುತ್ತಿದ್ದ. ಒಂದು ಸೋಮವಾರ ಏಳು ಹುಡುಗರ ಅರ್ಜಿಯಲ್ಲೂ ‘ನಿನ್ನೆ ಸಂಜೆಯಿಂದ ಮೈ ಕೆಂಡದಂತೆ ಸುಡುತ್ತಿದ್ದು’ ಎಂಬ ಒಂದೇ ಸಾಲು ಕಂಡ ಮೇಷ್ಟ್ರು, ಆ ಏಳು ಜನರನ್ನು ಬಿಟ್ಟು ಇವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿ ನಿಂತಾಗಲೂ ಅವನಿಗೆ ನಾಚಿಕೆಯಾಗಲಿಲ್ಲ. ತನ್ನ ಸಾಲು ಗುರುತು ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದ. ಆಮೇಲೆ ಬೀದಿಯವರ ನಲ್ಲಿನೀರಿನ ದೂರು, ಕೆಳಮನೆಯವರ ಬಾಡಿಗೆ ತಕರಾರು, ಕೊನೆಗೆ ಅಕ್ಕ ಸೋಪಿನ ಕಂಪನಿಗೆ ಹಾಕಿದ ಅರ್ಜಿ, ಎಲ್ಲ ಅವನದೇ ಕೈಬರಹ. ಅಕ್ಕನ ಅರ್ಜಿಯಲ್ಲಿ ಅವಳು ‘ಬಾಲ್ಯದಿಂದಲೂ ಪ್ಯಾಕಿಂಗ್ ಕ್ಷೇತ್ರದಲ್ಲಿ ವಿಶೇಷ ಆಸಕ್ತಿ’ ಉಳ್ಳವಳಾಗಿದ್ದಳು. ಅಕ್ಕನಿಗೆ ಕೆಲಸ ಸಿಕ್ಕಿತು. ಸಿಕ್ಕಿದ್ದು ಆ ಸಾಲಿನಿಂದಲೇ ಎಂದು ಅವನು ಈಗಲೂ ನಂಬಿದ್ದಾನೆ. ಆ ವಾರ ಗೇಟಿನ ಮುಂದೆ ನಿಂತಿದ್ದವರಿಗೆಲ್ಲ ಕೆಲಸ ಸಿಕ್ಕಿತ್ತು ಎಂಬುದನ್ನು ಅಕ್ಕ ಅವನಿಗೆ ಹೇಳಿಲ್ಲ. ಪಾಪ, ಸಂತೋಷವಾಗಿರಲಿ ಎಂದು.

ಈಗ ಅವನು ಕೆಲಸ ಮಾಡುತ್ತಿದ್ದ ಸಂಸ್ಥೆ ದುಡಿಯುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಶಿಶುಕೇಂದ್ರ. ಹಿಂದೆ ಅಚ್ಚುಕೂಟವಾಗಿದ್ದ ಕಟ್ಟಡ. ಕೆಳಗಿನ ಹಜಾರದ ನೆಲದಲ್ಲಿ ಯಂತ್ರ ಬಿಗಿದಿದ್ದ ಬೋಲ್ಟುಗಳ ಗುಂಡಿಗಳು ಇನ್ನೂ ಹಾಗೇ ಇದ್ದವು. ಮಕ್ಕಳು ಅವುಗಳೊಳಗೆ ಬಳಪದ ಚೂರು, ಬಿಸ್ಕತ್ತಿನ ಪುಡಿ, ಒಮ್ಮೆ ಸಂಸ್ಥೆಯ ಅಧ್ಯಕ್ಷರ ಕಾರಿನ ಬೀಗದ ಕೈಯನ್ನೂ ಬಚ್ಚಿಟ್ಟಿದ್ದರು. ಹದಿನಾಲ್ಕು ಮೆಟ್ಟಿಲು ಹತ್ತಿದರೆ ಪ್ಲೈವುಡ್ ಗೋಡೆಯ ಒಂದು ಕೋಣೆ. ಅದೇ ಆಫೀಸು. ಅಲ್ಲಿ ಕೂತು ಅರ್ಜಿ ದಿನವಿಡೀ ದೊಡ್ಡ ದೊಡ್ಡ ಕಂಪನಿಗಳಿಗೆ ಬರೆಯುತ್ತಿದ್ದ. ಕೆಳಗಿನ ಅಳು ಪ್ಲೈವುಡ್ ಹಾದು ಮೇಲೆ ಬಂದಾಗಲೆಲ್ಲ ಎದ್ದು ಕಿಟಕಿ ಮುಚ್ಚುತ್ತಿದ್ದ. ಮಕ್ಕಳ ಬಗ್ಗೆ ಬರೆಯುವಾಗ ಮಕ್ಕಳ ಗಲಾಟೆ ಅವನಿಗೆ ಆಗುತ್ತಿರಲಿಲ್ಲ.

ಕೆಳಗಿನ ಹಜಾರದ ಒಡತಿ ದೊಡ್ಡಮ್ಮ. ಯಾರಿಗೆ ದೊಡ್ಡಮ್ಮ ಎಂದು ಯಾರೂ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ಮಕ್ಕಳಿಗೂ, ಅವರ ಅಪ್ಪ ಅಮ್ಮಂದಿರಿಗೂ, ತಮಗಿಂತ ಆರು ವರ್ಷ ದೊಡ್ಡವರಾದ ಅಧ್ಯಕ್ಷರಿಗೂ ಅವರು ದೊಡ್ಡಮ್ಮನೇ. ಕೇಂದ್ರ ಶುರುವಾದಾಗ ಸೋಪಿನ ಕಂಪನಿಯ ಶಿಫ್ಟು ಐದಕ್ಕೆ ಮುಗಿಯುತ್ತಿತ್ತು. ಅದಕ್ಕೆ ಸರಿಯಾಗಿ, ಮಕ್ಕಳನ್ನು ಸಂಜೆ ಐದೂವರೆಯೊಳಗೆ ಒಪ್ಪಿಸಿ ಬೀಗ ಹಾಕತಕ್ಕದ್ದು ಎಂಬ ನಿಯಮ ಬರೆದು ಗೋಡೆಗೆ ಅಂಟಿಸಿದ್ದರು. ಎರಡು ವರ್ಷದ ಹಿಂದೆ ಕಂಪನಿ ಶಿಫ್ಟನ್ನು ಆರೂವರೆಗೆ ಎಳೆಯಿತು. ಗೋಡೆಯ ಮೇಲಿನ ನಿಯಮ ಮಾತ್ರ ಇದ್ದಲ್ಲೇ ಇತ್ತು. ಒಂಬತ್ತು ಮಕ್ಕಳು ಹೇಗೋ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರು. ಸೋಪಿನ ಕಂಪನಿಯವರ ಹದಿಮೂರು ಮಕ್ಕಳು ಉಳಿಯುತ್ತಿದ್ದರು, ಜೊತೆಗೆ ದೊಡ್ಡಮ್ಮನೂ. ಅದಕ್ಕಾಗಿ ಅವರು ಯಾರಲ್ಲೂ ಏನೂ ಕೇಳಿರಲಿಲ್ಲ.

ರಿಜಿಸ್ಟರಿನದು ಇನ್ನೊಂದು ಪದ್ಧತಿ. ಅದರಲ್ಲಿ ಎರಡು ಕಾಲಂ: ಬಿಟ್ಟ ವೇಳೆ, ಕರೆದೊಯ್ದ ವೇಳೆ. ಸಂಜೆ ಅಮ್ಮಂದಿರು ಏದುಸಿರು ಬಿಡುತ್ತ ಬರುವಾಗ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು. ಪೆನ್ನು ಹಿಡಿಯಲು ಮೂರನೇ ಕೈ ಇರುತ್ತಿರಲಿಲ್ಲ. ಹೀಗಾಗಿ ಬೆಳಿಗ್ಗೆ ಎಂಟೂಕಾಲಿಗೆ ಮಗುವನ್ನು ಬಿಡಲು ಬಂದ ಮನೆಯವರೇ ಎರಡೂ ಕಾಲಮ್ಮಿಗೆ ಸಹಿ ಹಾಕಿಬಿಡುವುದು ರೂಢಿಯಾಗಿತ್ತು. ಸಂಜೆಯ ಕಾಲಮ್ಮಿನಲ್ಲಿ ನಿಯಮದ ಪ್ರಕಾರ ಐದೂವರೆ. ಅಕ್ಕ ಏಳೂವರೆಗೇ ಬಸ್ಸು ಹಿಡಿಯಬೇಕಾಗಿತ್ತು, ಭಾವ ಲಾರಿಯ ಮೇಲೆ ಊರೂರು ಸುತ್ತುತ್ತಿದ್ದ. ಹಾಗಾಗಿ ಅಕ್ಕನ ಮಗಳಾದ ನಾಲ್ಕು ವರ್ಷದ ಸೊಸೆಯನ್ನು ಕರೆತಂದು ಬಿಡುತ್ತಿದ್ದವನು ಅರ್ಜಿ. ಅವನೂ ಎರಡು ಸಹಿ ಹಾಕುತ್ತಿದ್ದ. ಮುಂದೆ ಎಂದಾದರೂ ದೊಡ್ಡ ಒಪ್ಪಂದಗಳಿಗೆ ಹಾಕಬೇಕಾಗುತ್ತದೆಂದು ಮನೆಯಲ್ಲಿ ಅಭ್ಯಾಸ ಮಾಡಿದ್ದ, ಕೆಳಗೆ ಬಾಲದಂತೆ ಗೆರೆ ಎಳೆದ ಸಹಿ.

ಇದೆಲ್ಲ ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ದೊಡ್ಡಮ್ಮನ ಮೊಣಕಾಲು ಕೈಕೊಟ್ಟಿತು. ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ಹೊತ್ತು ನಿಂತರೆ ಇನ್ನು ನಿಲ್ಲುವುದೇ ಇಲ್ಲ ಎಂದು ಡಾಕ್ಟರು ಹೇಳಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರಾಗಿದ್ದ ಅಧ್ಯಕ್ಷರು ಮೇಲಿನ ಕೋಣೆಯಲ್ಲಿ ಸಭೆ ಕರೆದು ಅರ್ಜಿಗೆ, ಸಂಜೆಯ ಹೊತ್ತಿಗೆ ಇನ್ನೊಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಎಲ್ಲಿಂದಾದರೂ ನೆರವು ತಾ, ಇಲ್ಲದಿದ್ದರೆ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಐದೂವರೆಗೆ ನಿಜವಾಗಿಯೇ ಬೀಗ ಎಂದರು. ಬೀಗ ಬಿದ್ದರೆ ಏನಾಗುತ್ತದೆಂದು ಅರ್ಜಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅಕ್ಕ ಆಗಲೇ ತನ್ನ ಮೇಲಿನ ಲೈನ್ ಲೀಡರನ್ನು, ಐದಕ್ಕೆ ಬಿಡುತ್ತೀರಾ ಎಂದು ಕೇಳಿ ಬಂದಿದ್ದಳು.

“ಆರೂವರೆ ತನಕ ಇರೋದಾದ್ರೆ ಇರು, ಇಲ್ಲಾಂದ್ರೆ ಗೇಟು ತೆರೆದೇ ಇದೆ ಅಂದ ಕಣೋ,” ಎಂದಳು ಅಕ್ಕ, ಮಗಳ ತಲೆ ಬಾಚುತ್ತ. “ನೀನು ಅಷ್ಟೊಂದು ಜನರಿಗೆ ಬರೀತೀಯಲ್ಲ. ಒಂದು ಸಲ ನನಗೋಸ್ಕರನೂ ಬರಿ.”

“ಬರೆದಿದ್ದೆನಲ್ಲ ಅಕ್ಕ, ಅದರಿಂದಲೇ ತಾನೆ ನಿನಗೆ ಕೆಲಸ ಸಿಕ್ಕಿದ್ದು.”

ಅಕ್ಕ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಮಗಳ ಜಡೆ ಹೆಣೆಯತೊಡಗಿದಳು.

ಊರಿನ ಕಂಪನಿಗಳ ಪೈಕಿ ‘ದುಡಿಯುವ ಕುಟುಂಬಗಳಿಗೆ ಆಸರೆ’ ಎಂಬ ಹೆಸರಿನಲ್ಲಿ ಸಂಸ್ಥೆಗಳಿಗೆ ಅನುದಾನ ಕೊಡುತ್ತಿದ್ದುದು ಒಂದೇ ಒಂದು. ಅದು ಸೋಪಿನ ಕಂಪನಿ.

ಅರ್ಜಿ ನಮೂನೆ ಇಪ್ಪತ್ತೆರಡು ಪುಟ. ಅವನು ಒಂಬತ್ತು ದಿನ ಅದರಲ್ಲಿ ಮುಳುಗಿದ. ಏಳನೇ ಪುಟದ ತನಕ ಸಲೀಸಾಗಿ ಸಾಗಿದ ಲೇಖನಿ ಅಲ್ಲಿನ ಒಂದು ಚೌಕದ ಮುಂದೆ ನಿಂತುಬಿಟ್ಟಿತು. ‘ಈ ಸಮಸ್ಯೆಯ ಮೂಲ ಕಾರಣವೇನು? ನೂರು ಪದಗಳಿಗೆ ಕಡಿಮೆಯಾಗದಂತೆ ವಿವರಿಸಿ.’ ನಿಜವಾದ ಉತ್ತರಕ್ಕೆ ಒಂದೇ ಪದ ಸಾಕಾಗಿತ್ತು: ನೀವು. ಉಳಿದ ತೊಂಬತ್ತೊಂಬತ್ತನ್ನು ಎಲ್ಲಿಂದ ತರುವುದೆಂದು ಅವನು ಅರ್ಧ ದಿನ ಗಲ್ಲಕ್ಕೆ ಕೈ ಕೊಟ್ಟು ಕೂತ. ಆಮೇಲೆ ಆ ಒಂದು ಪದವನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದ. ‘ಬದಲಾಗುತ್ತಿರುವ ಜೀವನಶೈಲಿಯ ವೇಗದಲ್ಲಿ ಇಂದಿನ ತಾಯಿ ತನ್ನ ಸಂಜೆಯನ್ನು ಕಳೆದುಕೊಂಡಿದ್ದಾಳೆ’ ಎಂದು ಶುರುವಾಗುತ್ತಿತ್ತು ಅದು. ಸಂಜೆಯನ್ನು ಯಾರೋ ಬಸ್ಸಿನಲ್ಲಿ ಕೊಡೆ ಮರೆತ ಹಾಗೆ ಕಳೆದುಕೊಂಡಂತಿತ್ತು. ಓದಿ ಅವನೇ ತಲೆದೂಗಿದ. ಕಡೆಗೆ, ಪುರಾವೆಯಾಗಿ ಮೂರು ತಿಂಗಳ ಹಾಜರಾತಿ ರಿಜಿಸ್ಟರಿನ ನಕಲು ಲಗತ್ತಿಸಬೇಕು ಎಂದಿತ್ತು. ಪುಟಪುಟವನ್ನೂ ತಾನೇ ನಕಲು ತೆಗೆದು, ಮೊಹರು ಒತ್ತಿ, ಅಂಚು ಸರಿಹೊಂದಿಸಿ ಹೊಲಿದ. ಅಂಚುಗಳನ್ನು ನೋಡಿದಷ್ಟು ಶ್ರದ್ಧೆಯಿಂದ ಪುಟಗಳನ್ನು ನೋಡಲಿಲ್ಲ.

ಹತ್ತು ದಿನ ಕಳೆದು ಕಂಪನಿಯ ಸಾಮಾಜಿಕ ಹೊಣೆಗಾರಿಕೆ ವಿಭಾಗದಿಂದ ಒಬ್ಬ ಅಧಿಕಾರಿಣಿ ಪರಿಶೀಲನೆಗೆ ಬಂದರು. ಮೂವತ್ತರ ಆಸುಪಾಸು, ಅಚ್ಚುಕಟ್ಟಾದ ಬಟ್ಟೆ, ಅಳೆದು ತೂಗಿದ ಮಾತು. ಒಂದನೇ ತಾರೀಕಿಗೆ ಉಳಿದಿದ್ದು ಎಂಟೇ ದಿನ. ದೊಡ್ಡಮ್ಮ ಒಮ್ಮೆ ಮೇಲಿಂದ ಕೆಳಗೆ ನೋಡಿ, ಹೊಣೆಗಾರಿಕೆ ಮೇಡಂ ಎಂದು ಹೆಸರಿಟ್ಟು, ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಕೊಟ್ಟು ಹಜಾರದಲ್ಲೇ ಕೂರಿಸಿದರು. ಮೇಡಂ ಮೊದಲು ಗೋಡೆಯ ಚಿತ್ರ ನೋಡಿದರು, ಮಲಗುವ ಚಾಪೆ ಎಣಿಸಿದರು, ಚಹಾ ಕುಡಿದರು. ಆಮೇಲೆ ರಿಜಿಸ್ಟರಿನ ನಕಲನ್ನು ಮೊಣಕಾಲ ಮೇಲೆ ಹರಡಿಕೊಂಡರು.

“ಒಂದು ಅರ್ಥ ಆಗ್ಲಿಲ್ಲ,” ಎಂದರು ಸೌಮ್ಯವಾಗಿ. “ಮೂರು ತಿಂಗಳಲ್ಲಿ ಒಂದು ದಿನವೂ ಒಂದು ಮಗುವೂ ಐದೂವರೆ ದಾಟಿಲ್ಲ. ಸಂಜೆ ಹೊತ್ತಿಗೆ ಅನುದಾನ ಯಾರಿಗೆ ಬೇಕು?”

ಅಧ್ಯಕ್ಷರು ಥಟ್ಟನೆ, ನಮ್ಮಲ್ಲಿ ಶಿಸ್ತು ಅಂದರೆ ಶಿಸ್ತು ಮೇಡಂ ಎಂದು ನಕ್ಕರು. ನಲವತ್ತು ವರ್ಷ ಲೆಡ್ಜರು ನೋಡಿದ ಅಭ್ಯಾಸ. ಸಹಿ ಸರಿಯಿದೆ ಎಂದರೆ ಅವರ ಪ್ರಾಣಕ್ಕೆ ಸಮಾಧಾನವಾಗುತ್ತಿತ್ತು. ಮೇಡಂ ಕೂಡ ಮೆಚ್ಚಿ ತಲೆಯಾಡಿಸಿದರು. ಇಷ್ಟು ಸಮಯಪಾಲನೆ ತಾವು ಯಾವ ಕೇಂದ್ರದಲ್ಲೂ ಕಂಡಿಲ್ಲ, ಸಂಜೆಯ ಅನುದಾನಕ್ಕೆ ಅವಕಾಶ ಕಾಣುವುದಿಲ್ಲ, ಆದರೆ ಬೇಕಾದರೆ ಒಂದು ಒಳ್ಳೆಯ ಗೋಡೆ ಗಡಿಯಾರಕ್ಕೆ ಶಿಫಾರಸು ಮಾಡಬಹುದು ಎಂದರು.

ಅರ್ಜಿ ಅವರ ಭುಜದ ಮೇಲಿಂದ ಪುಟವನ್ನು ಇಣುಕಿದ. ಸಾಲಾಗಿ ಐದೂವರೆ, ಐದೂವರೆ, ಐದೂವರೆ. ಅವುಗಳ ನಡುವೆ ಪ್ರತಿದಿನವೂ ಒಂದು ಸಹಿ ಬಾಲ ಬಿಟ್ಟುಕೊಂಡು ಮೆರೆಯುತ್ತಿತ್ತು. ಇಪ್ಪತ್ತೆರಡು ಪುಟ ತಿದ್ದಿ ತೀಡಿ ಬರೆದವನು, ಅದನ್ನು ಸುಳ್ಳು ಮಾಡುವ ಸಾಕ್ಷಿಯನ್ನೂ ತಾನೇ ದಿನಾ ಬೆಳಿಗ್ಗೆ ತಪ್ಪದೆ ತಯಾರಿಸಿ, ಮೊಹರು ಒತ್ತಿ, ಹೊಲಿದು ಕೊಟ್ಟಿದ್ದ. ಸುಮ್ಮನಿದ್ದರೆ ಸಂಸ್ಥೆಯ ಮರ್ಯಾದೆ ಉಳಿಯುತ್ತದೆ, ಜೊತೆಗೆ ಒಂದು ಗಡಿಯಾರ. ಅಕ್ಕನ ಕೆಲಸ ಹೋಗುತ್ತದೆ. ಬಾಯಿಬಿಟ್ಟರೆ ರಿಜಿಸ್ಟರೇ ಸುಳ್ಳು ಎಂದಾಗುತ್ತದೆ, ಆಮೇಲೆ ಯಾವ ಕಂಪನಿಯೂ ಈ ಹದಿನಾಲ್ಕು ಮೆಟ್ಟಿಲು ಹತ್ತುವುದಿಲ್ಲ. ಇಂಥ ಹೊತ್ತಿಗೆ ತಕ್ಕ ಒಂದು ಚಂದದ ಸಾಲಿಗಾಗಿ ಅವನು ತಡಕಾಡಿದ. ಸಿಗಲಿಲ್ಲ.

“ಮೇಡಂ, ಈ ಸಹಿ ನಂದು,” ಎಂದ.

“ಸರಿ. ಅದಕ್ಕೇನೀಗ?”

“ಬೆಳಿಗ್ಗೆ ಎಂಟೂಕಾಲಿಗೆ ಹಾಕಿದ್ದು. ಎಲ್ಲರದ್ದೂ ಅಷ್ಟೆ. ಸಂಜೆದನ್ನೂ ಬೆಳಿಗ್ಗೆನೇ ಹಾಕ್ತೀವಿ.”

ಅಧ್ಯಕ್ಷರು ಕೆಮ್ಮತೊಡಗಿದರು. ಆ ಕೆಮ್ಮು ನಿಲ್ಲುವ ಲಕ್ಷಣ ಕಾಣಲಿಲ್ಲ. ಮೇಡಂ ಕಾಗದಗಳನ್ನು ಮಡಿಸಿದರು. “ಅಂದ್ರೆ ಇದು ಸುಳ್ಳು ದಾಖಲೆ.”

“ಸುಳ್ಳಲ್ಲಮ್ಮ, ಮುಂಗಡ,” ಎಂದರು ದೊಡ್ಡಮ್ಮ. ಅವರು ಆಗ ಅರ್ಜಿಯ ಸೊಸೆಯನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದರು. “ಮಕ್ಕಳನ್ನ ಕರ್ಕೊಂಡು ಹೋಗೋದಂತೂ ಖಂಡಿತ. ಹೊತ್ತು ಒಂಚೂರು ಹಿಂದೆ ಮುಂದೆ. ಈ ಕೂಸನ್ನ ಒಂದು ನಿಮಿಷ ಹಿಡ್ಕೊಳಿ, ನನ್ನ ಕಾಲು ಸೆಟೆದುಕೊಂಡಿದೆ.”

ಹಿಡಿದುಕೊಳ್ಳುವುದೋ ಬೇಡವೋ ಎಂದು ಮೇಡಂ ಯೋಚಿಸುವುದರೊಳಗೆ ಕೂಸು ಅವರ ತೊಡೆಯ ಮೇಲಿತ್ತು. ಮಗು ಒಮ್ಮೆ ಕಣ್ಣು ಬಿಟ್ಟು, ಹೊಸ ಮುಖ ನೋಡಿ, ಅಡ್ಡಿಯಿಲ್ಲ ಎಂದುಕೊಂಡಂತೆ ಮತ್ತೆ ಕಣ್ಣು ಮುಚ್ಚಿತು. ಬೆರಳುಗಳು ಮೇಡಂ ಕತ್ತಿನಲ್ಲಿದ್ದ ಗುರುತಿನ ಚೀಟಿಯ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡವು. ದೊಡ್ಡಮ್ಮನ ‘ಒಂದು ನಿಮಿಷ’ ಎಷ್ಟು ಉದ್ದವೆಂದು ಆ ಹಜಾರದಲ್ಲಿ ಗೊತ್ತಿಲ್ಲದಿದ್ದುದು ಮೇಡಂ ಒಬ್ಬರಿಗೇ.

ಐದೂವರೆಯಾಯಿತು. ಒಂಬತ್ತು ಮಕ್ಕಳು ಹೋಗಿದ್ದರು. ಹದಿಮೂರು ಮಕ್ಕಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಹೊರಗೆ ಕಂಪನಿಯ ಕಾರಿನ ಡ್ರೈವರು ಎರಡು ಸಲ ಹಾರನ್ ಹಾಕಿದ. ಮೇಡಂ ಎದ್ದೇಳಲು ನೋಡಿದರೆ ಮಗು ಮುಖ ಕಿವುಚುತ್ತಿತ್ತು, ಕೂತರೆ ಸುಮ್ಮನಾಗುತ್ತಿತ್ತು. ಆ ಪುಟ್ಟ ಕುರ್ಚಿಯಲ್ಲಿ ಅವರ ಮೊಣಕಾಲುಗಳು ಗದ್ದಕ್ಕೆ ಬಂದಿದ್ದವು. ಆರು ಗಂಟೆಗೆ ಫೋನಿನಲ್ಲಿ ಯಾರಿಗೋ ಮೆಲ್ಲಗೆ, ತಡವಾಗುತ್ತದೆ, ಮಗುವಿಗೆ ತಿನ್ನಿಸಿಬಿಡಿ ಎಂದರು. ಅರ್ಜಿ ಗೋಡೆಯ ಚಿತ್ರಗಳನ್ನು ಹೊಸದಾಗಿ ನೋಡುತ್ತ ನಿಂತ.

ಆರೂ ಮುಕ್ಕಾಲರ ಹೊತ್ತಿಗೆ ಮಕ್ಕಳೆಲ್ಲ ಕಿಟಕಿಗೆ ಮುಗಿಬಿದ್ದರು. ದೊಡ್ಡವರ ಕಿವಿಗೆ ಇನ್ನೂ ಏನೂ ಬಿದ್ದಿರಲಿಲ್ಲ. ಆಮೇಲೆ ಓಡುವ ಚಪ್ಪಲಿಗಳ ಸದ್ದು, ಅದರ ಹಿಂದೆಯೇ ನಿಂಬೆ ಸೋಪಿನ ಘಾಟು. ಹದಿಮೂರು ಹೆಂಗಸರು ಒಳನುಗ್ಗಿದರು. ಎಲ್ಲರ ಮೈಮೇಲೂ ನೀಲಿ ಏಪ್ರನ್ನು, ಏಪ್ರನ್ನಿನ ಎದೆಯ ಮೇಲೆ ಮೇಡಂ ಗುರುತಿನ ಚೀಟಿಯಲ್ಲಿದ್ದ ಅದೇ ಲಾಂಛನ. ಅಕ್ಕ ಎಲ್ಲರಿಗಿಂತ ಮುಂದಿದ್ದಳು.

“ಅಯ್ಯೋ, ನಿಮ್ಮ ಬಟ್ಟೆ ಮೇಲೆಲ್ಲ ಜೊಲ್ಲು ಸುರಿಸಿದ್ದಾಳೆ. ಕೊಡಿ ಮೇಡಂ.”

ಮೇಡಂ ಮಗುವನ್ನು ಕೊಡದೆ ಅಕ್ಕನ ಎದೆಯ ಲಾಂಛನವನ್ನೇ ನೋಡುತ್ತಿದ್ದರು. “ಪ್ಯಾಕಿಂಗ್ ಶಿಫ್ಟ್ ಐದಕ್ಕೆ ಮುಗಿಯಲ್ವಾ?”

“ಆರೂವರೆ ಆಗಿ ಎರಡು ವರ್ಷ ಆಯ್ತಲ್ಲ,” ಎಂದಳು ಅಕ್ಕ. ಚುಚ್ಚುವ ಉದ್ದೇಶ ಅವಳಿಗಿರಲಿಲ್ಲ. ನಿಜಕ್ಕೂ ಕನಿಕರದಿಂದಲೇ ಕೇಳಿದಳು. “ನಿಮಗೆ ಯಾರೂ ಹೇಳಿಲ್ವಾ ಮೇಡಂ?”

ಅದು ಬೇರೆ ವಿಭಾಗ ಎಂದು ಮೇಡಂ ಹೇಳಿದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಮಗುವಿನ ಮುಷ್ಟಿಯಿಂದ ಪಟ್ಟಿ ಬಿಡಿಸಿಕೊಳ್ಳಲು ಅವರಿಗೆ ಇನ್ನಷ್ಟು ಹೊತ್ತು ಹಿಡಿಯಿತು.

ಅದಾದ ಆರನೇ ದಿನ ಅನುದಾನ ಮಂಜೂರಾದ ಪತ್ರ ಬಂತು. ಸಂಜೆ ಐದೂವರೆಯಿಂದ ಏಳರವರೆಗೆ ಒಬ್ಬ ಸಹಾಯಕಿಯ ಸಂಬಳ ಕಂಪನಿಯದು. ಷರತ್ತುಗಳು ಮೂರು: ದೊಡ್ಡಮ್ಮ ಐದೂವರೆಗೆ ಮನೆಗೆ ಹೋಗಬೇಕು, ರಿಜಿಸ್ಟರಿನಲ್ಲಿ ನಿಜವಾದ ವೇಳೆಯನ್ನೇ (ಏಳು ದಾಟಿದರೆ ಕಾರಣ ಸಮೇತ) ಬರೆಯಬೇಕು, ಬಾಗಿಲ ಮೇಲೆ ‘ಈ ಸಂಜೆ ನಮ್ಮ ಕೊಡುಗೆ’ ಎಂಬ ಫಲಕ ಹಾಕಬೇಕು. ಮೊದಲಿನ ಎರಡನ್ನು ಮೇಡಂ ತಮ್ಮ ಕೈಯಾರೆ ಬರೆದಿದ್ದರು. ಮೂರನೆಯದು ಅಚ್ಚಾಗಿಯೇ ಬಂದಿತ್ತು. ಕೆಮ್ಮು ಪೂರ್ತಿ ವಾಸಿಯಾದ ಅಧ್ಯಕ್ಷರು, ಸತ್ಯ ಹೇಳಿದ್ದರಿಂದಲೇ ಅಲ್ಲವೇ ಇದು ಬಂದಿದ್ದು ಎಂದು ಎಲ್ಲರಿಗೂ ಹೇಳುತ್ತ ತಿರುಗಿದರು. ಅರ್ಜಿಗೆ ಅದರಿಂದ ಬೇಜಾರಾಗಲಿಲ್ಲ. ಪತ್ರದ ಜೊತೆ ಬಂದ ಕಂಪನಿಯ ಕರಪತ್ರದ ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಅವನ ಸಾಲು ಅಚ್ಚಾಗಿತ್ತು: ‘ಇಂದಿನ ತಾಯಿ ತನ್ನ ಸಂಜೆಯನ್ನು ಕಳೆದುಕೊಂಡಿದ್ದಾಳೆ. ಅದನ್ನು ಹುಡುಕಿಕೊಡುವವರು ನಾವು.’ ಎರಡನೇ ವಾಕ್ಯ ಅವನದಲ್ಲ. ಆದರೂ ಆ ಕರಪತ್ರದ ನಾಲ್ಕು ಪ್ರತಿಗಳನ್ನು ಮನೆಗೆ ಒಯ್ದ.

ಶಿಫ್ಟಿನ ಮಾತನ್ನು ಪತ್ರದಲ್ಲಿ ಯಾರೂ ಎತ್ತಿರಲಿಲ್ಲ.

ಹೊಸ ಸಹಾಯಕಿ ಕೆಲಸಕ್ಕೆ ಸೇರಿದ ವಾರದಲ್ಲೇ ಚೆಕ್ ಕೊಡುವ ಸಮಾರಂಭ, ಗುರುವಾರ ನಾಲ್ಕು ಗಂಟೆಗೆ ಕಂಪನಿಯ ಅಂಗಳದಲ್ಲಿ. ಬಾಗಿಲಿನಷ್ಟು ಅಗಲದ ರಟ್ಟಿನ ಚೆಕ್ಕು. ಅದನ್ನು ಹಿಡಿದುಕೊಳ್ಳಲು ಹದಿಮೂರು ತಾಯಂದಿರನ್ನು ಪ್ಯಾಕಿಂಗ್ ಲೈನಿನಿಂದ ಒಂದು ಗಂಟೆ ಬಿಡಿಸಿ ಕರೆಸಿದ್ದರು. ಅಕ್ಕನಿಗೆ ಚೆಕ್ಕಿನ ಎಡತುದಿ ಸಿಕ್ಕಿತು. ಫೋಟೋದಲ್ಲಿ ಅವಳ ಮುಖದ ಅರ್ಧಭಾಗ ಸೊನ್ನೆಯೊಂದರ ಹಿಂದೆ ಮರೆಯಾಗಿದೆ. ಕಂಪನಿಯ ದೊಡ್ಡವರೊಬ್ಬರು ದುಡಿಯುವ ತಾಯಿಯ ಸಮಯದ ಬೆಲೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಮೇಡಂ ಹಿಂದಿನ ಸಾಲಿನಲ್ಲಿ ನಿಂತು ತಮ್ಮ ಪಾದಗಳನ್ನು ನೋಡುತ್ತಿದ್ದರು. ಸಮಾರಂಭ ಮುಗಿದ ಮೇಲೆ ಲೈನ್ ಲೀಡರು ಬಂದು, ಹೋದ ಒಂದು ಗಂಟೆಯನ್ನು ಇವತ್ತೇ ತುಂಬಿಕೊಡಬೇಕು, ಶಿಫ್ಟು ಏಳೂವರೆವರೆಗೆ ಎಂದ.

ಇದು ಅರ್ಜಿಗೆ ಗೊತ್ತಾದದ್ದು ಆರೂ ಮುಕ್ಕಾಲಿಗೆ, ಯಾರೂ ಬರದಿದ್ದಾಗ ಕಂಪನಿಯ ಗೇಟಿಗೆ ಫೋನು ಮಾಡಿ ಕೇಳಿದ ಮೇಲೆ. ಷರತ್ತಿನ ಪ್ರಕಾರ ದೊಡ್ಡಮ್ಮ ಐದೂವರೆಗೇ ಮನೆಗೆ ಹೋಗಿದ್ದರು. ಹೊಸ ಸಹಾಯಕಿ ಏಳಕ್ಕೆ ಸರಿಯಾಗಿ ಚೀಲ ಹೆಗಲಿಗೇರಿಸಿದಳು. ನನ್ನ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟುಬಂದಿದ್ದೇನೆ, ಅವರು ಒಪ್ಪಿರುವುದು ಏಳೂಕಾಲರ ತನಕ ಮಾತ್ರ ಎಂದಳು. ಅವನೇ ಬಾಗಿಲು ತೆರೆದು ಅವಳನ್ನು ಕಳಿಸಿಕೊಟ್ಟ.

ಉಳಿದಿದ್ದು ಅವನು ಮತ್ತು ಹದಿಮೂರು ಮಕ್ಕಳು. ಎಂಥವರ ಕಷ್ಟವನ್ನೂ ಮುನ್ನೂರು ಪದಗಳಲ್ಲಿ ಹಿಡಿಸಬಲ್ಲವನಿಗೆ, ಮೂರು ವರ್ಷದ ಒಂದು ಹುಡುಗಿಯನ್ನು ಸಮಾಧಾನ ಮಾಡಲು ಮೂರು ಸಾವಿರ ಪದಗಳೂ ಸಾಲಲಿಲ್ಲ. ಒಬ್ಬ ಚಡ್ಡಿ ಒದ್ದೆ ಮಾಡಿಕೊಂಡ. ಇಬ್ಬರು ಒಂದೇ ಗೊಂಬೆಯ ಒಂದೊಂದು ಕಾಲು ಹಿಡಿದು ಎಳೆದಾಡಿದರು. ಇನ್ನೊಬ್ಬ ಅವನ ಪೆನ್ನನ್ನು ಬೋಲ್ಟಿನ ಗುಂಡಿಯೊಳಗೆ ಬಿಟ್ಟು, ಈಗ ತೆಗಿ ನೋಡೋಣ ಎಂದ. ಕಿಟಕಿ ಮುಚ್ಚಿ ಪ್ರಯೋಜನವಿರಲಿಲ್ಲ. ಗಲಾಟೆ ಒಳಗೇ ಇತ್ತು. ಸೊಸೆ ಮಾತ್ರ ಅವನ ಅವಸ್ಥೆ ನೋಡಿ, ದೊಡ್ಡಮ್ಮ ಹಿಂಗಲ್ಲ ಮಾಮ, ಸುಮ್ನೆ ನೆಲದ ಮೇಲೆ ಮಲಕ್ಕೊ ಎಂದಳು. ಬೇರೆ ದಾರಿ ಕಾಣದೆ ಮಲಗಿದ. ಐವರು ಬಂದು ಹೊಟ್ಟೆಯ ಮೇಲೆ ಕೂತರು. ಅಳು ನಿಂತಿತು. ಎರಡು ವರ್ಷ ದಿನವೂ ಇಂಥ ಒಂದು ಗಂಟೆಗೆ ತಾನು ಬೆಳಿಗ್ಗೆಯೇ ಸಹಿ ಹಾಕಿ ಮುಗಿಸುತ್ತಿದ್ದೆನಲ್ಲ ಎಂದು ಅವನಿಗೆ ಹೊಳೆದದ್ದು ಆಗ, ಉಸಿರು ಎಳೆದುಕೊಳ್ಳಲು ಆಗದೆ ಬಿದ್ದಿದ್ದಾಗ.

ಏಳೂ ಮುಕ್ಕಾಲಿಗೆ ಚಪ್ಪಲಿಗಳ ಸದ್ದು ಕೇಳಿಸಿತು. ಅಕ್ಕ ಒಳಗೆ ಬಂದವಳು ನೆಲದ ಮೇಲಿದ್ದ ತಮ್ಮನನ್ನು ನೋಡಿ ನಗಬೇಕೆಂದುಕೊಂಡಳು. ಅವಳಲ್ಲಿ ಅಷ್ಟು ತ್ರಾಣ ಉಳಿದಿರಲಿಲ್ಲ.

“ಎಲ್ಲಿ ಸಹಿ ಹಾಕೋದು?”

ಅವನು ರಿಜಿಸ್ಟರನ್ನು ಮುಂದೆ ಸರಿಸಿದ. ಅಕ್ಕ ಗಡಿಯಾರ ನೋಡಿ ವೇಳೆ ಬರೆದಳು. ಪಕ್ಕದಲ್ಲಿ ಹೊಸದಾಗಿ ಗೆರೆ ಎಳೆದ ಕಾಲಂ ಇತ್ತು, ತಡವಾದುದಕ್ಕೆ ಕಾರಣ ಎಂದು. ಅವಳ ಪೆನ್ನು ಅಲ್ಲಿ ನಿಂತಿತು.

“ಏನಂತ ಬರೀಲೋ? ನೀನು ಹೇಳು, ಚೆನ್ನಾಗಿ ಹೇಳ್ತೀಯಲ್ಲ.”

ಅವನು ಬಾಯಿ ತೆರೆದ. ಬದಲಾಗುತ್ತಿರುವ ಜೀವನಶೈಲಿ ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಯಿತು.

“ಇದ್ದದ್ದನ್ನ ಬರಿ ಅಕ್ಕ.”

ಅಕ್ಕ ದುಂಡು ಅಕ್ಷರದಲ್ಲಿ ಬರೆದಳು: ‘ಕಂಪನಿಯಿಂದ ಸಹಾಯ ತೆಗೆದುಕೊಳ್ಳಲು ಹೋಗಿದ್ದರಿಂದ.’ ಹಿಂದೆ ನಿಂತಿದ್ದವಳು ಅದನ್ನೇ ನೋಡಿ ಬರೆದಳು. ಅವಳ ಹಿಂದಿನವಳೂ. ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು, ಒಬ್ಬೊಬ್ಬರಾಗಿ ಬಗ್ಗಿ, ಹದಿಮೂರು ಜನರೂ ಅದೇ ಸಾಲನ್ನು ಬರೆದು ಹೊರಟರು.

ಅರ್ಜಿಗೆ ಐದನೇ ಕ್ಲಾಸಿನ ಏಳು ಜ್ವರಗಳು ನೆನಪಾದವು. ಆ ಮೇಷ್ಟ್ರು ಈ ಪುಟವನ್ನು ನೋಡಿದ್ದರೆ ಖಂಡಿತ ಅವನನ್ನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೆ ಈ ಸಲ ಸಾಲು ಅವನದಾಗಿರಲಿಲ್ಲ, ಹದಿಮೂರೂ ನಿಜವಾಗಿದ್ದವು. ತಿಂಗಳ ಕೊನೆಗೆ ಆ ಪುಟದ ನಕಲನ್ನು ಕಂಪನಿಗೆ ಕಳಿಸಬೇಕಿತ್ತು. ಈ ಸಲ ಅಂಚು ಸೊಟ್ಟಗಾದರೂ ಚಿಂತೆಯಿಲ್ಲ ಎಂದುಕೊಂಡು, ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದ.